ಬ್ರಹ್ಮಗಿರಿಯ ಅಕ್ಷರದ ಗುಂಡು

ದಾವಣಗೆರೆಯಿಂದ ಬೆಳಿಗ್ಗೆಯೇ ಹೊರಟು, ಚಿತ್ರದುರ್ಗ ದಾಟಿ, ಚಳ್ಳಕೆರೆಯಲ್ಲಿ ಚಹಾ ಕುಡಿದು ಬಳ್ಳಾರಿ ರಸ್ತೆ ಹಿಡಿದೆವು. ಶೇಂಗಾ ಹೊಲ, ಜಾಲಿ, ಬೋಳು ಗುಡ್ಡ. ಮೊಳಕಾಲ್ಮೂರು ತಾಲ್ಲೂಕಿನ ಅಶೋಕ ಸಿದ್ದಾಪುರದಲ್ಲಿ ಕುರಿ ಹೊಡೆದುಕೊಂಡು ಹೊರಟಿದ್ದ ಹಿರಿಯರೊಬ್ಬರು, "ಅಕ್ಷರದ ಗುಂಡು ನೋಡಾಕೆ ಬಂದ್ರಾ? ಹಿಂಗೇ ಹೋಗ್ರಿ" ಎಂದು ಕೈ ತೋರಿಸಿದರು.

ಗುಂಡು ಎಂದರೆ ಬಂಡೆ. ಶಾಸನ ಸಂಶೋಧಕ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನ ಬ್ರಹ್ಮಗಿರಿಯ ಈ ಬಂಡೆಯ ಮೇಲಿದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಇಲ್ಲಿದ್ದ ಇಸಿಲ ಎಂಬ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸಿ, ರಾಜನ ಮಾತು ತಿಳಿಸುತ್ತಾರೆ: ತಂದೆತಾಯಿಯ ಸೇವೆ ಮಾಡಿ, ಜೀವಿಗಳಲ್ಲಿ ದಯೆಯಿರಲಿ, ನಿಜ ನುಡಿಯಿರಿ, ಗುರುವನ್ನು ಗೌರವಿಸಿ. ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ. ಕೊನೆಗೆ ಬರೆದವನು ಚಪಡ ಎಂದು ಹೆಸರು ಹೇಳಿ, ಲಿಪಿಕಾರ ಎಂಬುದನ್ನಷ್ಟೇ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಗಾಂಧಾರದ ಲಿಪಿ ಬಲ್ಲವನ ಕೈ ನಮ್ಮ ಬಯಲುಸೀಮೆಯ ಕಲ್ಲಿನ ಮೇಲೆ ಆಡಿದೆ! ನಾನು ಆ ಸಾಲಿನ ಎದುರು ಬಹಳ ಹೊತ್ತು ನಿಂತೆ.

ಸೈನ್ಯ, ದುಡ್ಡು ತೋರಿಸದೆ ಬೇರೆ ದೇಶಗಳ ಮನಸ್ಸು ಗೆಲ್ಲುವ ಬಲವನ್ನು 1990ರಲ್ಲಿ ಅಮೆರಿಕದ ರಾಜಕೀಯ ಚಿಂತಕ ಜೋಸೆಫ್ ನೈ 'ಸಾಫ್ಟ್ ಪವರ್' ಎಂದು ಕರೆದರು. ಕೆಲಸ ಮಾತ್ರ ಹಳೆಯದು. ಪಕ್ಕದ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿರುವ ಹದಿಮೂರನೆಯ ಬಂಡೆ ಶಾಸನದಲ್ಲಿ ಅಶೋಕ ಐವರು ಗ್ರೀಕ್ ಅರಸರ ಹೆಸರು ಹಿಡಿದು, ಅವರ ನಾಡುಗಳಲ್ಲೂ ಧರ್ಮವಿಜಯವಾಯಿತೆನ್ನುತ್ತಾನೆ. ಅದಕ್ಕೂ ಮೊದಲು ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತದ್ದನ್ನು, ತನಗಾದ ಸಂಕಟವನ್ನು ತಾನೇ ಹೇಳಿಕೊಳ್ಳುತ್ತಾನೆ. ಹೊರಗಿನವರಿಗೆ ಹೇಳಿದ ದಯೆಯನ್ನೇ ಇಸಿಲದ ಅಧಿಕಾರಿಗಳಿಗೂ ಹೇಳಿದ. ಆ ಮಾತಿಗೆ ತೂಕ ಬಂದದ್ದು ಅಲ್ಲಿಂದಲೇ ಎಂದು ನನಗನ್ನಿಸುತ್ತದೆ.

ಭಾರತ 2022ರಲ್ಲಿ ಮಂಗೋಲಿಯಾಕ್ಕೆ, 2024ರಲ್ಲಿ ಥಾಯ್ಲೆಂಡಿಗೆ ಬುದ್ಧನ ಪವಿತ್ರ ಅವಶೇಷಗಳನ್ನು ದರ್ಶನಕ್ಕೆ ಕಳಿಸಿಕೊಟ್ಟಿತು. ಯೋಗ ದಿನಕ್ಕೆ 2014ರಲ್ಲಿ ವಿಶ್ವಸಂಸ್ಥೆಯಲ್ಲಿ 177 ದೇಶಗಳು ಜೊತೆಗೂಡಿದವು. ನನಗೆ ಇವು ಹೆಮ್ಮೆಯ ಸಂಗತಿಗಳೇ. ಆದರೆ ಅವಶೇಷ ಅಲ್ಲಿಗೆ ಹೋದಂತೆ ಅಲ್ಲಿಯ ಜನ ಇಲ್ಲಿಗೂ ಬರಬೇಕು. ಹಂಪಿ ನೋಡಲು ಬಂದ ಥಾಯ್, ಶ್ರೀಲಂಕಾ, ಜಪಾನಿನವರನ್ನು ಬಳ್ಳಾರಿ ಮೇಲೆ ಬ್ರಹ್ಮಗಿರಿಗೆ ಕರೆತರುವುದು ಕಷ್ಟವೇನಲ್ಲ. ಶಾಸನದ ಅರ್ಥ ಅವರವರ ಭಾಷೆಯಲ್ಲಿ ಓದಲು ಸಿಗಲಿ, ಸಿದ್ದಾಪುರದ ಹುಡುಗ ಹುಡುಗಿಯರೇ ಗೈಡ್ ಆಗಲಿ, ಮೊಳಕಾಲ್ಮೂರಿನ ರೇಷ್ಮೆ ಮಗ್ಗಗಳನ್ನೂ ಅವರು ನೋಡಿ ಹೋಗಲಿ.

ಕಟ್ಟಿಕೊಂಡು ಹೋಗಿದ್ದ ಬುತ್ತಿ ಉಂಡು, ಅಶೋಕನದೇ ಇನ್ನೊಂದು ಶಾಸನವಿರುವ ಜಟಿಂಗ ರಾಮೇಶ್ವರ ಬೆಟ್ಟದ ಕಡೆ ಹೊರಟೆವು.