ಪೀಟರ್‌ಬರೋ ಬೀದಿಗಳಲ್ಲಿ ಒಂದು ದಿನ

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಲ್ಲಿ ರೈಲು ಹತ್ತಿದರೆ ಒಂದು ಗಂಟೆಯೊಳಗೆ ಪೀಟರ್‌ಬರೋ. ಪ್ರವಾಸಿಗರು ಜಾಸ್ತಿ ಬರುವುದು ಇಲ್ಲಿನ ಕ್ಯಾಥೆಡ್ರಲ್ ನೋಡಲು. ಎಂಟನೇ ಹೆನ್ರಿಯ ಮೊದಲ ರಾಣಿ ಕ್ಯಾಥರೀನಳ ಸಮಾಧಿ ಅಲ್ಲಿದೆ. ನಾನೂ ಒಳಗೆ ಹೋಗಿ ಬಂದೆ. ಆದರೆ ನನಗೆ ನೋಡಬೇಕಿದ್ದದ್ದು ಬೀದಿಗಳು.

ಈ ಊರಿನಲ್ಲಿ ಪ್ಯಾರಾಮೆಡಿಕ್ ಆಗಿದ್ದ ಕ್ರಿಸ್ ಪೋರ್ಶ್, 1970ರ ದಶಕದ ಕೊನೆಯಿಂದ 80ರ ದಶಕದಲ್ಲೆಲ್ಲ ಬಿಡುವು ಸಿಕ್ಕಾಗ ಕ್ಯಾಮೆರಾ ಹಿಡಿದು ಇಲ್ಲಿ ಅಲೆದವರು. ಕೂದಲು ನಿಗುರಿಸಿದ ಪಂಕ್ ಹುಡುಗರು, ಚಿಕ್ಕ ಮಕ್ಕಳು, ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಮುತ್ತಿಡುತ್ತಿದ್ದ ಜೋಡಿ. ಬಹುತೇಕ ಎಲ್ಲರೂ ಅಪರಿಚಿತರು. ಎಷ್ಟೋ ವರ್ಷಗಳ ನಂತರ ಆ ಚಿತ್ರಗಳು ಸ್ಥಳೀಯ ಪತ್ರಿಕೆಯಲ್ಲಿ ಬಂದಾಗ ಜನ ತಮ್ಮನ್ನೇ ಗುರುತು ಹಿಡಿದರು. ಪೋರ್ಶ್ ಅವರನ್ನೆಲ್ಲ ಕರೆಸಿ, ಆದಷ್ಟೂ ಅದೇ ಜಾಗದಲ್ಲಿ, ಅದೇ ಭಂಗಿಯಲ್ಲಿ ನಿಲ್ಲಿಸಿ ಮತ್ತೆ ಕ್ಲಿಕ್ಕಿಸಿದರು. 2016ರಲ್ಲಿ ಅದೆಲ್ಲ ಪುಸ್ತಕವಾಯಿತು.

ಕ್ವೀನ್ಸ್‌ಗೇಟ್ ಮಾಲ್ ದಾಟಿ, ಕಂಬಗಳ ಮೇಲೆ ನಿಂತ ಗಿಲ್ಡ್‌ಹಾಲ್ ಪಕ್ಕ ಕೂತೆ. ಸುಮ್ನೆ ನೋಡುತ್ತಿದ್ದರೂ ಗೊತ್ತಾಗುತ್ತದೆ, ಒಂದೇ ಚೌಕದಲ್ಲಿ ಅವವೇ ಮುಖಗಳು ಮತ್ತೆ ಮತ್ತೆ ಹಾದುಹೋಗುತ್ತವೆ. ಪಾಕಿಸ್ತಾನದ ಪೆಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ 1984ರಲ್ಲಿ ಅಮೆರಿಕದ ಫೋಟೋಗ್ರಾಫರ್ ಸ್ಟೀವ್ ಮೆಕರಿ ಫೋಟೋ ತೆಗೆದ ಅಫ್ಘಾನ್ ಹುಡುಗಿ ಮತ್ತೆ ಸಿಕ್ಕಿದ್ದು 2002ರಲ್ಲಿ. ಅದಕ್ಕೆ ಒಂದು ತಂಡವೇ ಹುಡುಕಬೇಕಾಯಿತು. ಪೋರ್ಶ್ ಊರು ಬಿಡಲಿಲ್ಲ. ಅವರ ಚಿತ್ರದಲ್ಲಿದ್ದ ಎಷ್ಟೋ ಜನರೂ ಬಿಟ್ಟಿರಲಿಲ್ಲ. ಬಿಟ್ಟು ಹೋದವರಿಗೂ ಇಲ್ಲಿ ಅಕ್ಕನೋ ಗೆಳೆಯನೋ ಇರುತ್ತಾರೆ, ಅಲ್ವಾ? ದೇಶ ದೇಶ ಸುತ್ತುವ ಫೋಟೋಗ್ರಾಫರ್‌ಗೆ ಈ ಭಾಗ್ಯ ಸುಲಭವಾಗಿ ಸಿಗುವುದಿಲ್ಲ.

ಆ ಜೋಡಿಚಿತ್ರಗಳಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಎರಡನೆಯವು. ಮೊದಲನೆಯದು ಫೋಟೋಗ್ರಾಫರ್ ಹಿಡಿದ ಕ್ಷಣ. ಎರಡನೆಯದಕ್ಕೆ ಚಿತ್ರದಲ್ಲಿರುವವರು ತಾವೇ ಒಪ್ಪಿ, ದಿನ ಗೊತ್ತು ಮಾಡಿಕೊಂಡು ಬಂದಿದ್ದಾರೆ. ಆಗ ಚಿತ್ರ ಅವರದೂ ಆಗುತ್ತದೆ.

ಮಧ್ಯಾಹ್ನ ಬ್ರಿಡ್ಜ್ ಸ್ಟ್ರೀಟ್‌ನಲ್ಲಿ ಗಾಳಿಗೆ ಛತ್ರಿ ಹಿಡಿಯಲು ಒದ್ದಾಡುತ್ತಿದ್ದ ಇಬ್ಬರು ವಯಸ್ಸಾದ ಹೆಂಗಸರ ಫೋಟೋ ತೆಗೆದಿದ್ದೆ. ಸ್ವಲ್ಪ ಹೊತ್ತಿನ ಮೇಲೆ ನೆನ್ ನದಿಯ ದಡದಲ್ಲಿ ಅವರೇ ಎದುರಾದರು. "ನೀನೇ ಅಲ್ವಾ? ತೋರಿಸು" ಎಂದರು. ನೋಡಿ ಜೋರಾಗಿ ನಕ್ಕರು. ಒಬ್ಬರಿಗೆ ಮಾತ್ರ ತಮ್ಮ ಕೂದಲು ಹಿಡಿಸಲಿಲ್ಲ. ಬಾಚಣಿಗೆ ತೆಗೆದರು, ಬೆಳಕು ಬರುವ ಕಡೆ ತಿರುಗಿ ನಿಂತರು, ಗೆಳತಿಯ ಕೈಗೆ ಛತ್ರಿ ಕೊಟ್ಟು ಹೇಗೆ ಹಿಡಿಯಬೇಕೆಂದೂ ಹೇಳಿದರು. ನಾನು ಅವರು ಹೇಳಿದಂತೆ ತೆಗೆದೆ.