ಕ್ಯಾಟಲೇಸ್ ಪಾಸಿಟಿವ್ ಬಂತು, ಆದರೆ ಸ್ಟಾಫ್ ಅಲ್ಲ

ಭಾನುವಾರ ರಾತ್ರಿ ಹನ್ನೊಂದೂವರೆಗೆ ನಮ್ಮ ಲ್ಯಾಬಿನ ಬ್ಯಾಕ್ಟ್‌ಅಲರ್ಟ್ (ರಕ್ತದ ಬಾಟಲಿಯಲ್ಲಿ ಸೂಕ್ಷ್ಮಜೀವಿ ಬೆಳೆದರೆ ಎಚ್ಚರಿಸುವ ಯಂತ್ರ) ಕೂಗಿತು. ಶುಕ್ರವಾರ ಸಂಜೆ ಏಳೂವರೆಗೆ ಲೋಡ್ ಆಗಿದ್ದ ಐಸಿಯು ಬಾಟಲಿ. ಲೆಕ್ಕಕ್ಕೆ 52 ಗಂಟೆ. ತಳದ ಸೆನ್ಸರ್ ಹಳದಿಗೆ ತಿರುಗಿತ್ತು. ಸೆಂಟ್ರಲ್ ಲೈನಿನಿಂದ (ದೊಡ್ಡ ರಕ್ತನಾಳಕ್ಕೆ ಹಾಕಿಟ್ಟ ನಳಿಕೆ) ಎಳೆದ ರಕ್ತ. ಅದೇ ಹೊತ್ತಿಗೆ ಕೈಯ ರಕ್ತನಾಳದಿಂದ ತೆಗೆದಿದ್ದ ಜೋಡಿ ಬಾಟಲಿ ಸದ್ದಿಲ್ಲದೆ ಕೂತಿತ್ತು.

ತಡವಾಗಿ ಬಂದಿದೆ, ಎರಡರಲ್ಲಿ ಒಂದೇ ಬಾಟಲಿ, ಅದೂ ಲೈನಿನದು. ಇಷ್ಟು ಗೊತ್ತಾದರೆ ಬೆಂಚಿನಲ್ಲಿ ಕೂತವರ ತಲೆಯಲ್ಲಿ ಉತ್ತರ ತಯಾರು: ಚರ್ಮದ ಕಾನ್ಸ್ (ಕೊಯಾಗುಲೇಸ್ ನೆಗೆಟಿವ್ ಸ್ಟಾಫಿಲೊಕಾಕಸ್, ಚರ್ಮದ ಮೇಲಿನ ಸಾಮಾನ್ಯ ಸ್ಟಾಫ್ ಬ್ಯಾಕ್ಟೀರಿಯಾ), ಕಂಟಾಮಿನೆಂಟ್ (ರಕ್ತ ತೆಗೆಯುವಾಗ ಹೊರಗಿನಿಂದ ಸೇರಿದ್ದು). ನನ್ನ ತಲೆಯಲ್ಲೂ ಸ್ಲೈಡ್ ಮಾಡುವ ಮೊದಲೇ ತಯಾರಾಗಿತ್ತು. ಕ್ಯಾಂಡಿಡಾ ಎಂಬ ಯೀಸ್ಟ್ (ಶಿಲೀಂಧ್ರ) ಬರುವುದೂ ಹೀಗೇ ಅಲ್ಲವೇ, ಎರಡು ಮೂರು ದಿನಕ್ಕೆ, ಒಂದೇ ಬಾಟಲಿಯಲ್ಲಿ, ಲೈನ್ ಇರುವ ರೋಗಿಯಲ್ಲಿ ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ. ಪಕ್ಕದಲ್ಲೇ ಬಿದ್ದಿದ್ದ ರಿಕ್ವೆಸ್ಟ್ ಫಾರಂನಲ್ಲಿ ಎಲ್ಲ ಬರೆದಿತ್ತು: ಹೊಟ್ಟೆಯ ಆಪರೇಷನ್, ಟಿಪಿಎನ್ (ರಕ್ತನಾಳದ ಮೂಲಕ ಆಹಾರ), ಲೈನ್ ಹಾಕಿ 11 ದಿನ, ಮೆರೋಪೆನೆಮ್ ಆ್ಯಂಟಿಬಯಾಟಿಕ್ ಕೊಟ್ಟರೂ ಇಳಿಯದ ಜ್ವರ.

ಗ್ರಾಂ ಸ್ಟೇನಿಗೆ (ಬಣ್ಣ ಹಾಕಿ ಸೂಕ್ಷ್ಮಜೀವಿ ಗುರುತಿಸುವ ವಿಧಾನ) ಸ್ಲೈಡ್ ಮಾಡುವಾಗ ಎರಡು ತಪ್ಪು. ಬಾಟಲಿಯನ್ನು ನಾಲ್ಕೈದು ಸಲ ತಲೆಕೆಳಗು ಮಾಡಿ ಕಲಸಬೇಕು, ಏಕೆಂದರೆ ಯೀಸ್ಟ್ ಭಾರ, ತಳಕ್ಕೆ ಇಳಿದು ರೆಸಿನ್ ಮಣಿಗಳ ಜೊತೆ ಕೂರುತ್ತದೆ. ನಾನು ಒಮ್ಮೆ ಅಲ್ಲಾಡಿಸಿ ಬಿಟ್ಟೆ. ಎರಡನೆಯದು, ಹನಿ ದೊಡ್ಡದಾಯಿತು. ರಕ್ತ ಬೆರೆತ ಬ್ರಾತನ್ನು (ಬಾಟಲಿಯ ಪೋಷಕ ದ್ರವ) ದಪ್ಪಗೆ ಹಚ್ಚಿದರೆ ಬಣ್ಣ ತೊಳೆಯುವ ಡೀಕಲರೈಸರ್ ಒಳಗೆ ಇಳಿಯುವುದಿಲ್ಲ. ಹಿನ್ನೆಲೆ ಕೊಳಕು ಗುಲಾಬಿ, ಅದರೊಳಗೆ ಜೀವಕಣಗಳು ಕುಗ್ಗಿ, ಒಂದರ ಮೇಲೊಂದು ಕೂತು, ಕಡುನೇರಳೆ ಗುಂಪಾಗಿ ಕಾಣುತ್ತವೆ. 100ರ ಲೆನ್ಸಿನಲ್ಲಿ ಅಲ್ಲೊಂದು ಇಲ್ಲೊಂದು ಗೊಂಚಲು ಕಂಡಿತು. ಸ್ಟಾಫ್ ಕಾಣುವುದು ದ್ರಾಕ್ಷಿಗೊಂಚಲಿನಂತೆ; ದ್ರಾಕ್ಷಿಗೊಂಚಲು ಹುಡುಕುವ ಕಣ್ಣಿಗೆ ದ್ರಾಕ್ಷಿಗೊಂಚಲೇ ಸಿಕ್ಕಿತು.

ನೋಡಬೇಕಿದ್ದದ್ದು ಗಾತ್ರ. ಸ್ಟಾಫ್ ಸುಮಾರು 1 ಮೈಕ್ರಾನ್. ಕ್ಯಾಂಡಿಡಾ ಅಲ್ಬಿಕಾನ್ಸ್ 4ರಿಂದ 6. ಜತೆಗೆ ಉದ್ದನೆಯ ಸೂಡೋಹೈಫೆ (ಎಳೆಯಂತೆ ಸರಪಳಿಯಾದ ಯೀಸ್ಟ್ ಕಣಗಳು) ಇದ್ದರೆ ಯಾರೂ ತಪ್ಪುವುದಿಲ್ಲ. ಕ್ಯಾಂಡಿಡಾದ ಇನ್ನೊಂದು ಜಾತಿ ಗ್ಲಾಬ್ರಾಟಾ ಮಾತ್ರ ಕಳ್ಳ: 2ರಿಂದ 4 ಮೈಕ್ರಾನ್, ಸೂಡೋಹೈಫೆ ಇಲ್ಲ, ಮೊಗ್ಗು (ತಾಯಿಕಣದಿಂದ ಮೂಡುವ ಮರಿಕಣ) ಚಿಕ್ಕದು. ದಪ್ಪ ಸ್ಮಿಯರಿನಲ್ಲಿ ಕುಗ್ಗಿ ಕೂತರೆ ಸ್ವಲ್ಪ ದಪ್ಪನೆಯ ಸ್ಟಾಫ್‌ನಂತೆಯೇ. ಅದೇ ಫೀಲ್ಡಿನಲ್ಲಿ ಬಿಳಿ ರಕ್ತಕಣದ ನ್ಯೂಕ್ಲಿಯಸ್ ಒಂದನ್ನು ಹುಡುಕಿ ಪಕ್ಕಕ್ಕಿಟ್ಟು ನೋಡಿದ್ದರೆ ಅಳತೆ ಗೊತ್ತಾಗುತ್ತಿತ್ತು. ಗೊಂಚಲು ಬಿಟ್ಟು ಅಂಚಿನಲ್ಲಿ ಒಂಟಿಯಾಗಿ ಬಿದ್ದ ಕಣಗಳನ್ನು ನೋಡಿದ್ದರೆ ಮೊಗ್ಗೂ ಕಾಣುತ್ತಿತ್ತು.

12:10ಕ್ಕೆ ಐಸಿಯುಗೆ ಕ್ರಿಟಿಕಲ್ ಕಾಲ್ ಮಾಡಿ "ಗ್ರಾಂ ಪಾಸಿಟಿವ್ ಕಾಕೈ ಇನ್ ಕ್ಲಸ್ಟರ್ಸ್" (ಗೊಂಚಲಾಗಿರುವ ಗುಂಡು ಬ್ಯಾಕ್ಟೀರಿಯಾ, ಅಂದರೆ ಸ್ಟಾಫ್‌ನ ಸೂಚನೆ) ಎಂದೆ. ಅವರು ಅದನ್ನೇ ತಿರುಗಿ ಹೇಳಿ ರೀಡ್‌ಬ್ಯಾಕ್ ಆಯಿತು. ಆಮೇಲೆ ಡ್ಯೂಟಿ ಡಾಕ್ಟರ್ ಕೇಳಿದರು, "ಕಂಟಾಮಿನೆಂಟಾ ಮೇಡಂ?"

"ಇರಬಹುದು ಸರ್."

ಸ್ಲೈಡ್ ತಪ್ಪಿದ್ದಕ್ಕಿಂತ ಈ ಎರಡು ಪದ ಇವತ್ತಿಗೂ ಚುಚ್ಚುತ್ತವೆ. ಸ್ಟಾಫ್ ಆದರೆ ಕಂಟಾಮಿನೆಂಟ್ ಇರಬಹುದು. ರಕ್ತದಲ್ಲಿ ಯೀಸ್ಟ್ ಕಂಡರೆ ಆ ಪ್ರಶ್ನೆಯೇ ಇಲ್ಲ, ಒಂದೇ ಬಾಟಲಿಯಾದರೂ ಚಿಕಿತ್ಸೆ ಆಗಲೇಬೇಕು.

ಸೋಮವಾರ ಬೆಳಗ್ಗೆ, ಬಾಟಲಿಯಿಂದ ಹಚ್ಚಿದ್ದ ಬ್ಲಡ್ ಅಗರ್ (ಸೂಕ್ಷ್ಮಜೀವಿ ಬೆಳೆಸುವ ಪ್ಲೇಟ್) ಮೇಲೆ ಏನೂ ಇಲ್ಲ. ಸ್ಟಾಫ್ ಆಗಿದ್ದರೆ ಎಂಟೊಂಬತ್ತು ಗಂಟೆಗೆ ತೆಳ್ಳಗೆ ಮಂಜು ಕವಿದಂತಾದರೂ ಕಾಣಬೇಕಿತ್ತು. "ಇನಾಕ್ಯುಲಂ (ಹಚ್ಚಿದ ಜೀವಕಣಗಳ ಪ್ರಮಾಣ) ಕಮ್ಮಿ" ಎಂದುಕೊಂಡು ಪ್ಲೇಟನ್ನು ಮತ್ತೆ ಒಳಗಿಟ್ಟೆವು. ಸಂಜೆ ಐದಕ್ಕೆ ಸೂಜಿಮೊನೆಯಷ್ಟು ಬಿಳಿ ಕಾಲೊನಿ, ಹೀಮಾಲಿಸಿಸ್ (ಸುತ್ತ ರಕ್ತಕಣ ಒಡೆದ ಗುರುತು) ಇಲ್ಲ, ಮ್ಯಾಕಾಂಕಿ (ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳ ಪ್ಲೇಟ್) ಖಾಲಿ. ಕ್ಯಾಟಲೇಸ್ ಪರೀಕ್ಷೆಗೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಬುಳುಬುಳು ಗುಳ್ಳೆ, ಅಂದರೆ ಪಾಸಿಟಿವ್. ಕೊಯಾಗುಲೇಸ್ (ಪ್ಲಾಸ್ಮಾ ಹೆಪ್ಪುಗಟ್ಟಿಸುತ್ತದೆಯೇ ಎಂಬ ಪರೀಕ್ಷೆ) ನೆಗೆಟಿವ್. ಕಾನ್ಸ್! ಎಲ್ಲ ಸರಿಹೊಂದಿತು. ಹೊಂದದೇ ಏನು? ಕ್ಯಾಂಡಿಡಾವೂ ಕ್ಯಾಟಲೇಸ್ ಪಾಸಿಟಿವ್, ಅದರ ಕೊಯಾಗುಲೇಸೂ ನೆಗೆಟಿವ್. ಮೊದಲ ದಿನದ ಕಾಲೊನಿಯೂ ಬಿಳಿ, ಚಿಕ್ಕದು. ಕಾನ್ಸ್ ಎಂದು ಹೊರಟವರನ್ನು ಯೀಸ್ಟ್ ಪ್ರತಿ ಮೆಟ್ಟಿಲಿನಲ್ಲೂ ಬೆನ್ನು ತಟ್ಟಿ ಮುಂದಕ್ಕೆ ಕಳಿಸುತ್ತದೆ. ಕಾಲೊನಿಯಿಂದ ಗ್ರಾಂ ಮಾಡಿದ್ದರೆ ಅಲ್ಲೇ ಮುಗಿಯುತ್ತಿತ್ತು. ಬಾಟಲಿಯಿಂದ ಆಗಲೇ ಮಾಡಿದ್ದೇವಲ್ಲ ಎಂದು ಬಿಟ್ಟೆವು.

ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಜಿಪಿ ಕಾರ್ಡ್ (ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾ ಗುರುತಿಸುವ ಯಂತ್ರದ ಕಾರ್ಡ್) ಹಾಕಲು ಹೊರಟಿದ್ದ ಹೊಸ ಹುಡುಗಿ ಪ್ಲೇಟಿನ ಮುಚ್ಚಳ ತೆಗೆದವಳೇ ನಿಂತಳು. "ಅಕ್ಕಾ, ಇಡ್ಲಿ ಹಿಟ್ಟು ಹುಳಿ ಬಂದ ಹಾಗೆ ವಾಸನೆ." ಪ್ಲೇಟ್ ಮೂಸಬಾರದು, ಅದು ನಿಯಮ, ತಾನಾಗಿ ಮೂಗಿಗೆ ಬಂದದ್ದನ್ನು ಏನು ಮಾಡುವುದು? ಅವಳೇ ಕಾಲೊನಿಯಿಂದ ಗ್ರಾಂ ಮಾಡಿದಳು. ಬಡ್ಡಿಂಗ್ ಯೀಸ್ಟ್, ಫೀಲ್ಡಿನ ತುಂಬ. ಆ ಮೊದಲ ಕಾಲ್‌ನಿಂದ ಒಟ್ಟು 33 ಗಂಟೆ ಹೋಗಿತ್ತು. ತಿದ್ದಿದ ರಿಪೋರ್ಟ್ ಫೋನಿನಲ್ಲಿ ಹೇಳುವಾಗ ಆ ಕಡೆಯಿಂದ ಬಂದ ಮೌನ ಎಷ್ಟು ಉದ್ದ ಎಂದು ಹೇಳಲಾರೆ. ಮಧ್ಯಾಹ್ನದೊಳಗೆ ಶಿಲೀಂಧ್ರದ ಔಷಧ ಕ್ಯಾಸ್ಪೊಫಂಜಿನ್ ಶುರುವಾಯಿತು, ಲೈನ್ ತೆಗೆದರು.

ಕ್ರೋಮ್ಅಗರ್ (ಯೀಸ್ಟ್ ಜಾತಿಯನ್ನು ಬಣ್ಣದಿಂದ ತೋರಿಸುವ ಪ್ಲೇಟ್) ಮೇಲೆ ನೇರಳೆ ಛಾಯೆ, ಜರ್ಮ್ ಟ್ಯೂಬ್ (ಅಲ್ಬಿಕಾನ್ಸ್ ಗುರುತಿಸುವ ಪರೀಕ್ಷೆ) ನೆಗೆಟಿವ್. ಯೀಸ್ಟ್ ಗುರುತಿಸುವ ವೈಎಸ್‌ಟಿ ಕಾರ್ಡಿಗೆ 1.8ರಿಂದ 2.2 ಮ್ಯಾಕ್‌ಫರ್ಲೆಂಡ್ (ದ್ರಾವಣದ ಮಬ್ಬಿನ ಅಳತೆ) ಬೇಕು. ಬ್ಯಾಕ್ಟೀರಿಯಾ ಕಾರ್ಡಿನ 0.5ರ ಅಭ್ಯಾಸದಲ್ಲಿ ಹಾಕಿದರೆ ಕಾರ್ಡ್ ದಂಡ. ಉತ್ತರ ಗ್ಲಾಬ್ರಾಟಾ. ಈಗ ಅದಕ್ಕೆ ನಕಾಸಿಯೋಮೈಸಿಸ್ ಗ್ಲಾಬ್ರಾಟಸ್ ಎಂದು ಹೆಸರು ಬದಲಾಗಿದೆ, ಹಾಗೆ ಬರೆದು ಕಳಿಸಿದರೆ ಐಸಿಯುದಿಂದ "ಇದ್ಯಾವುದು ಹೊಸದು?" ಎಂದು ಫೋನ್ ಗ್ಯಾರಂಟಿ, ಹಾಗಾಗಿ ಎರಡೂ ಹೆಸರು ಬರೆಯುತ್ತೇವೆ. ಶಿಲೀಂಧ್ರದ ಔಷಧ ಫ್ಲುಕೊನಜೋಲ್‌ಗೆ ಸಿಎಲ್‌ಎಸ್‌ಐ (ಲ್ಯಾಬ್ ಮಾನದಂಡ ಸಂಸ್ಥೆ) ಟೇಬಲ್ಲಿನಲ್ಲಿ ಇದಕ್ಕೆ "ಎಸ್" (ಔಷಧಕ್ಕೆ ಬಗ್ಗುತ್ತದೆ) ಎನ್ನುವ ಕಾಲಮ್ಮೇ ಇಲ್ಲ: ಎಂಐಸಿ (ಬೆಳವಣಿಗೆ ತಡೆಯುವ ಔಷಧದ ಕನಿಷ್ಠ ಪ್ರಮಾಣ) 32 ಅಥವಾ ಕೆಳಗೆ ಎಸ್‌ಡಿಡಿ (ಹೆಚ್ಚು ಡೋಸ್ ಕೊಟ್ಟರೆ ಬಗ್ಗಬಹುದು), 64 ಅಥವಾ ಮೇಲೆ ಆರ್ (ಬಗ್ಗದು).

ಈಗ ನಮ್ಮ ಬೆಂಚಿನಲ್ಲಿ ಫ್ಲಾಗ್ ಆದ ಬಾಟಲಿಯಲ್ಲಿ ಕ್ಲಸ್ಟರ್ ಕಂಡರೆ ವೆಟ್ ಮೌಂಟ್ (ಬಣ್ಣ ಹಾಕದೆ ಹಸಿ ಹನಿಯನ್ನೇ ನೋಡುವುದು) ಕಡ್ಡಾಯ. ಸೇಫ್ಟಿ ಕ್ಯಾಬಿನೆಟ್ಟಿನೊಳಗೆ ಒಂದು ಹನಿ, ಮೇಲೊಂದು ಕವರ್ ಸ್ಲಿಪ್, 40ರಲ್ಲಿ ಕಂಡೆನ್ಸರ್ ಇಳಿಸಿ ನೋಡಿದರೆ ಹೊಳೆಯುವ ಗುಂಡು, ಪಕ್ಕದಲ್ಲಿ ಮೊಗ್ಗು. ಎರಡು ನಿಮಿಷದ ಕೆಲಸ, ಖರ್ಚು ಒಂದು ಕವರ್ ಸ್ಲಿಪ್. ಯೀಸ್ಟ್ ಎಂದರೆ ಕೂಡಲೇ ಸ್ಯಾಬೊರೋ (ಶಿಲೀಂಧ್ರ ಬೆಳೆಸುವ ಪ್ಲೇಟ್) ಮತ್ತು ಕ್ರೋಮ್ಅಗರ್. ಬ್ಲಡ್ ಅಗರ್ ಬಿಡುವಂತಿಲ್ಲ, ಜೊತೆಗೆ ಬ್ಯಾಕ್ಟೀರಿಯಾ ಇದ್ದರೆ ಅದೂ ಬೇಕಲ್ಲ. ಎಲ್‌ಐಎಸ್‌ನ (ಲ್ಯಾಬ್ ರಿಪೋರ್ಟಿನ ಸಾಫ್ಟ್‌ವೇರ್) ಡ್ರಾಪ್‌ಡೌನಿನಲ್ಲಿ ಕ್ಲಸ್ಟರ್ಸ್ ಮೊದಲನೆಯ ಸಾಲು, ಯೀಸ್ಟ್ ಹದಿನಾಲ್ಕನೆಯದು, ಸ್ಕ್ರೋಲ್ ಮಾಡಿದರೆ ಮಾತ್ರ ಕಾಣುತ್ತದೆ. ಮೇಲಕ್ಕೆ ತನ್ನಿ ಎಂದು ಐಟಿಗೆ ಟಿಕೆಟ್ ಹಾಕಿ ಐದು ತಿಂಗಳಾಯಿತು. ಗ್ಲಾಬ್ರಾಟಾ ಆನೇರೋಬಿಕ್ (ಆಮ್ಲಜನಕವಿಲ್ಲದ) ಬಾಟಲಿಯಲ್ಲಿ ಬೇಗ ಬರುವುದುಂಟು, ಆದರೆ ಆ ಬಾಟಲಿಯನ್ನು ಸ್ಟೋರ್ಸ್‌ನಿಂದ ಪಡೆಯಲು ಮೂರು ಸಹಿ.

ಜೋಡಿ ಬಾಟಲಿಯ ಕಥೆ ಇನ್ನೂ ಉಳಿದಿದೆ. ಅದು ಮಂಗಳವಾರ ಮಧ್ಯಾಹ್ನ ಮೂರೂವರೆಗೆ, 92ನೇ ಗಂಟೆಯಲ್ಲಿ ಫ್ಲಾಗ್ ಆಯಿತು. ಐದು ದಿನದ ಪ್ರೋಟೋಕಾಲಿನಲ್ಲಿ 28 ಗಂಟೆ ಮಾತ್ರ ಬಾಕಿ ಇತ್ತು. ಇಷ್ಟು ತಡ ಏಕೆಂದು ತಕ್ಕಡಿಗೆ ಇಟ್ಟು, ಅದೇ ಲಾಟಿನ ಖಾಲಿ ಬಾಟಲಿಯ ತೂಕ ಕಳೆದೆವು. 1 ಎಂಎಲ್ ರಕ್ತ ಸುಮಾರು 1.05 ಗ್ರಾಂ. 8ರಿಂದ 10 ಎಂಎಲ್ ಹಾಕಬೇಕಾದ ಬಾಟಲಿಯಲ್ಲಿ ಇದ್ದದ್ದು 3 ಎಂಎಲ್ಲಿಗೂ ಕಮ್ಮಿ. ಕ್ಯಾಂಡಿಡಾ ರಕ್ತದಲ್ಲಿ ಎಂಎಲ್ಲಿಗೆ ಒಂದೆರಡು ಕಣವೂ ಇರದೆ ಓಡಾಡುವುದುಂಟು. ಒಳ್ಳೆಯ ಕಲ್ಚರಿನಲ್ಲೂ ಅರ್ಧದಷ್ಟು ಕೇಸು ತಪ್ಪಿಹೋಗುತ್ತವೆ. ವಾರ್ಡಿಗೆ ಹೋಗಿ ಸಿಸ್ಟರ್‌ಗೆ ತೋರಿಸಿದೆ. ಅವರು ಬಾಟಲಿ ತಿರುಗಿಸಿದರು. ಅಳತೆಯ ಗೆರೆಗಳ ಮೇಲೆ ನೀಟಾಗಿ ರೋಗಿಯ ಸ್ಟಿಕ್ಕರ್ ಅಂಟಿತ್ತು. ಸ್ಟಿಕ್ಕರ್ ಸೈಜ್ ನಿರ್ಧರಿಸಿದ್ದು ಬಿಲ್ಲಿಂಗ್‌ನವರಂತೆ.