‘ನಮ್ಮ ಕಡೆ ಮಕ್ಕಳಿಗೆ ಇದೆಲ್ಲ ಅರ್ಥ ಆಗುತ್ತಾ?’ ಅಂತ ಕೇಳುವವರಿಗೆ

ಆಗುತ್ತೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಯಾರಾದರೂ ಕೇಳಿದರೆ ಈ ಬರಹದ ಲಿಂಕ್ ಕಳಿಸಿ ನನ್ನ ಪಾಡಿಗೆ ಕಾಫಿ ಕುಡೀತೀನಿ.

ಹಿನ್ನೆಲೆ ಗೊತ್ತಿಲ್ಲದವರಿಗೆ: ನಮ್ಮೂರು ಬೇತಮಂಗಲ, ಕೋಲಾರ ಜಿಲ್ಲೆ. ಭಾನುವಾರ ಸಂಜೆ ಹೈಸ್ಕೂಲು, ಪಿಯುಸಿ ಓದೋ ಒಂದಷ್ಟು ಮಕ್ಕಳನ್ನು ಕೂರಿಸಿಕೊಂಡು ಕಥೆ ಹೇಳ್ತೀನಿ. ಒಂದು ಜಾತಿಯ ಕಥೆಗಳ ಮೇಲೆ ನನಗೆ ಮೊದಲಿಂದಲೂ ಹುಚ್ಚು. ಎಲ್ಲವೂ ಸರಿಯಾಗಿರೋ ಒಂದು ಊರು. ಗಲೀಜಿಲ್ಲ, ಜಗಳವಿಲ್ಲ, ಹಸಿವಿಲ್ಲ. ಆ ಊರು ಯಾರ ಬೆನ್ನ ಮೇಲೆ ನಿಂತಿದೆ ಅನ್ನೋದು ಹನ್ನೆರಡರ ಹುಡುಗನಿಗೋ ಹದಿನಾರರ ಹುಡುಗಿಗೋ ಗೊತ್ತಾಗುತ್ತೆ, ಆಮೇಲೆ ಅವರು ಸುಮ್ಮನಿರಲ್ಲ. ಹೆಚ್ಚಿನವು ಅಮೆರಿಕದಲ್ಲಿ ಬರೆದವು, ಇಂಗ್ಲಿಷಿನವು. ನಾನು ಓದಿಕೊಂಡು ಬಂದು ನಮ್ಮ ಕನ್ನಡದಲ್ಲಿ, ನಡುನಡುವೆ ತೆಲುಗು ಸೇರಿಸಿ ಹೇಳ್ತೀನಿ. ಮಕ್ಕಳು ಬರೋದಕ್ಕೆ ಕಥೆಯಷ್ಟೇ ಕಾರಣ ಅಂತ ನಾನೇನೂ ಬೀಗಲ್ಲ. ತಿಂಗಳಿಗೊಮ್ಮೆ ಬಂಗಾರಪೇಟೆ ಪಾನಿಪುರಿ ಕಟ್ಟಿಸಿಕೊಂಡು ಬರ್ತೀನಿ, ಆ ವಾರ ಹಾಜರಾತಿ ನೋಡಬೇಕು ನೀವು.

ಈ ಪ್ರಶ್ನೆ ಕೇಳುವವರಲ್ಲಿ ನಾನು ಗಮನಿಸಿರೋದು ಒಂದಿದೆ. ಅವರ್ಯಾರೂ ಇಲ್ಲಿ ಇರೋರಲ್ಲ. ಇಲ್ಲಿ ಹುಟ್ಟಿ ಹೋದವರು. ‘ನಮ್ಮ ಕಡೆ ಮಕ್ಕಳು’ ಅಂತಾರೆ, ಅವರ ಮಕ್ಕಳು ಆ ಲೆಕ್ಕದಲ್ಲಿ ಬರಲ್ಲ. ಅವರ ಮಕ್ಕಳು ಇದೇ ಪುಸ್ತಕಗಳನ್ನು ಶಾಲೆಯ ಲೈಬ್ರರಿಯಲ್ಲಿ ತಗೊಂಡು ಓದ್ತಾವೆ, ಅದು ಸಹಜ. ಇಲ್ಲಿಯ ಮಕ್ಕಳಿಗೆ ಹೇಳಿದರೆ ಮಾತ್ರ ಅದು ಪ್ರಯೋಗ, ಸಾಹಸ, ‘ಒಳ್ಳೆ ಕೆಲಸ ಮಾಡ್ತಿದೀಯಮ್ಮ, ಆದರೂ…’ ಆ ‘ಆದರೂ’ ಕೇಳಿದರೆ ನನಗೆ ಮೈ ಉರಿಯುತ್ತೆ.

ಹೋದ ವರ್ಷ ಕೆಜಿಎಫ್‌ನಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ದೂರದ ನೆಂಟರು, ವೈಟ್‌ಫೀಲ್ಡಿನಲ್ಲಿ ಮನೆ. ಕೋಸಂಬರಿ ಬರೋ ಹೊತ್ತಿಗೆ ಮೊಬೈಲಿನಲ್ಲಿ ಅಪಾರ್ಟ್‌ಮೆಂಟ್ ತೋರಿಸೋಕೆ ಶುರು ಮಾಡಿದರು. ಈಜುಕೊಳ, ನಡೆಯೋಕೆ ಹಾದಿ, ಎಲೆ ಬಿದ್ದರೆ ಎತ್ತೋಕೆ ಜನ. ಕೆಲಸದವರಿಗೆ ಬೇರೆ ಲಿಫ್ಟ್. ಅವರು ಒಳಗೆ ಬಂದರೆ ಆ್ಯಪ್‌ನಲ್ಲಿ ಟಿಂಗ್ ಅನ್ನುತ್ತೆ, ಹೋಗೋವಾಗ ಗೇಟಿನಲ್ಲಿ ಬ್ಯಾಗು ನೋಡ್ತಾರೆ. ‘ಸಿಸ್ಟಮ್ ಅಂದರೆ ಸಿಸ್ಟಮ್ ನೋಡಮ್ಮ, ಒಂದು ಕಂಪ್ಲೇಂಟ್ ಇಲ್ಲ’ ಅಂದರು. ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ತಾ ನನ್ನ ಭಾನುವಾರದ ವಿಷಯ ಕೇಳಿದರು. ಹೇಳಿದೆ. ‘ಅಯ್ಯೋ, ಅವೆಲ್ಲ ಫಾರಿನ್ ಕಲ್ಪನೆ. ನಮ್ಮ ಕಡೆ ಮಕ್ಕಳಿಗೆ ಕನೆಕ್ಟ್ ಆಗುತ್ತಾ?’

ಅವರು ಕೂತು ಉಣ್ಣುತ್ತಿದ್ದ ಊರು ಯಾವುದು ಅಂತ ಅವರಿಗೆ ನೆನಪಿರಲಿಲ್ಲ. ಅವತ್ತು ಬಾಯಿಗೆ ಬಂದದ್ದನ್ನು ಮದುವೆ ಮನೆ ಅಂತ ನುಂಗಿಕೊಂಡೆ. ಈಗ ಹೇಳ್ತೀನಿ.

ಕೆಜಿಎಫ್‌ಗೆ ಒಂದು ಕಾಲದಲ್ಲಿ ‘ಲಿಟಲ್ ಇಂಗ್ಲೆಂಡ್’ ಅಂತ ಹೆಸರಿತ್ತು. 1880ರಲ್ಲಿ ಚಿನ್ನ ತೆಗೆಯೋಕೆ ಜಾನ್ ಟೇಲರ್ ಕಂಪನಿ ಬಂತು, ಹಿಂದೆಯೇ ಬಂಗಲೆ, ಹೂದೋಟ, ಕ್ಲಬ್ಬು, ಗಾಲ್ಫ್ ಆಡೋ ಮೈದಾನ ಎಲ್ಲ ಬಂದವು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ತಂದರು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ನಮಗೇ ಮೊದಲು ಕರೆಂಟು ಅಂತ ನಮ್ಮ ಜಿಲ್ಲೆಯೋರು ಇವತ್ತಿಗೂ ಎದೆ ಉಬ್ಬಿಸಿ ಹೇಳ್ತೀವಿ. ಬಂದದ್ದು ಗಣಿಯ ಯಂತ್ರಕ್ಕೆ, ನಮಗಲ್ಲ, ಅದನ್ನು ಮಾತ್ರ ಹೇಳಲ್ಲ. ನೀರು ಹೋದದ್ದು ನಮ್ಮೂರಿಂದ. ಬೇತಮಂಗಲದ ಕೆರೆ ಪಾಲಾರ್ ಹೊಳೆಯದು, ಅಲ್ಲಿಂದ ಪಂಪು ಹಾಕಿ ಚಿನ್ನದ ಊರಿಗೆ ಏರಿಸಿದರು.

ಬಂಗಲೆಗಳ ಕೆಳಗೆ ಕೂಲಿ ಲೈನು. ಬಿದಿರು ತಟ್ಟಿಯ ಒಂದೊಂದು ಕೋಣೆ, ಅದರಲ್ಲಿ ಇಡೀ ಸಂಸಾರ. ಅದರ ಕೆಳಗೆ ಗಣಿ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳ, ಅಲ್ಲಿ ಬಂಡೆಯೇ ಕಾದಿರುತ್ತೆ, ಒತ್ತಡ ತಾಳದೆ ಸಿಡಿಯುತ್ತೆ. ಮೇಲೆ ಬಂದವರ ಮೈ ತಡಕಿ ಹೊರಗೆ ಬಿಡ್ತಿದ್ದರು, ಚಿನ್ನ ಸಿಕ್ಕಿಸಿಕೊಂಡಿದ್ದಾರಾ ಅಂತ. ದೂಳು ಕುಡಿದ ಶ್ವಾಸಕೋಶವನ್ನು ಯಾರೂ ತಡಕಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಸೈನೈಡ್ ಹಾಕಿ ಚಿನ್ನ ತೆಗೆದು ಸುರಿದ ಪುಡಿಯ ದಿಬ್ಬಗಳು ಉಳಿದವು. ಗಾಳಿ ಬೀಸಿದರೆ ಆ ಪುಡಿ ಲೈನುಗಳ ಮನೆಯೊಳಗೆ ಬರುತ್ತೆ. ಗಣಿ ಮುಚ್ಚಿ ಹತ್ತು ವರ್ಷ ಆದಮೇಲೂ ಆ ಕಾಲೊನಿಗಳಲ್ಲಿ ಒಣ ಶೌಚಾಲಯಗಳನ್ನು ಕೈಯಲ್ಲಿ ಬಳಿಯೋ ಜನ ಇದ್ದರು.

ಇದು ಫಾರಿನ್ ಕಲ್ಪನೆ.

ಈಗಿನದ್ದೂ ಕೇಳಿ. ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಮಾರಿಕುಪ್ಪಂನಿಂದ ಹೊರಡೋ ರೈಲು ಹತ್ತಿ ಸಾವಿರಾರು ಜನ ದಿನಾ ಬೆಂಗಳೂರಿಗೆ ಹೋಗ್ತಾರೆ. ಬೆಳಕಾಗೋ ಮುಂಚೆ ಹೊರಡೋದು, ಕತ್ತಲಾದ ಮೇಲೆ ಬರೋದು. ಅಲ್ಲಿ ಗುಡಿಸಿ, ಕಾವಲು ಕಾದು, ಹೊಲಿದು, ಬಿಲ್ಲು ಹಾಕಿ ಬರ್ತಾರೆ. ನನ್ನ ಭಾನುವಾರದ ಮಕ್ಕಳಲ್ಲಿ ಅರ್ಧಕ್ಕರ್ಧ ಮಕ್ಕಳ ಅಪ್ಪನೋ ಅಮ್ಮನೋ ಆ ರೈಲಿನೋರು. ಆ ನೆಂಟರ ಕೆಲಸದವರ ಲಿಫ್ಟ್‌ನಲ್ಲಿ ನಮ್ಮ ಕಡೆಯೋರು ಯಾರಾದರೂ ಇದ್ದರೂ ಇರಬಹುದು. ನೀರಿನ ಕಥೆಯೂ ತಿರುಗಿ ನಿಂತಿದೆ. ವರ್ಷವಿಡೀ ಹರಿಯೋ ನದಿ ಒಂದೂ ಇಲ್ಲದ ಜಿಲ್ಲೆ ನಮ್ಮದು, ಬೋರ್‌ವೆಲ್ಲು ಸಾವಿರದ ಇನ್ನೂರು ಅಡಿ ದಾಟಿದರೂ ಬರೀ ದೂಳು ಬರ್ತಿತ್ತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರು ಬಳಸಿ ಬಿಟ್ಟ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡ್ತಿದ್ದಾರೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರದ ಕೆರೆ. ನೊರೆ ಬಂತು, ಹೈಕೋರ್ಟು, ಸುಪ್ರೀಂ ಕೋರ್ಟು ಎಲ್ಲ ಆಯಿತು. ಶುದ್ಧೀಕರಣ ಎರಡೇ ಹಂತಕ್ಕೆ ನಿಲ್ಲುತ್ತೆ, ಮೂರನೇ ಹಂತವೂ ಬೇಕು ಅಂತ ಇಲ್ಲಿಯೋರು ಕೇಳುತ್ತಲೇ ಬಂದಿದ್ದಾರೆ. ಸುಳ್ಳು ಹೇಳಬಾರದು, ಬತ್ತಿದ್ದ ಬೋರ್‌ವೆಲ್ಲುಗಳಿಗೆ ನೀರು ಬಂದಿದೆ, ರೈತರು ಖುಷಿಯಾಗೂ ಇದ್ದಾರೆ. ಆದರೆ ಒಂದು ಊರು ಮಿಂದು ಬಿಟ್ಟ ನೀರಿಗೆ ಇನ್ನೊಂದು ಊರು ಕೈಮುಗಿಯಬೇಕಾದ ಏರ್ಪಾಟನ್ನು ನಾನೇ ಕಥೆಯಲ್ಲಿ ಬರೆದಿದ್ದರೆ, ‘ಸ್ವಲ್ಪ ಅತಿಯಾಯ್ತಮ್ಮ’ ಅಂತ ನೀವೇ ಹೇಳ್ತಿದ್ದಿರಿ.

ಇನ್ನು ಮಕ್ಕಳ ವಿಷಯ. ಸುಝೇನ್ ಕಾಲಿನ್ಸ್ ಬರೆದ ‘ದಿ ಹಂಗರ್ ಗೇಮ್ಸ್’ (2008) ಹೇಳ್ತಿದ್ದೆ. ಝಗಮಗಿಸೋ ರಾಜಧಾನಿ ಒಂದು, ಅದನ್ನು ಸಾಕೋ ಹನ್ನೆರಡು ಜಿಲ್ಲೆಗಳು. ವರ್ಷಕ್ಕೊಂದು ಸಲ ಪ್ರತಿ ಜಿಲ್ಲೆಯಿಂದ ಒಬ್ಬ ಹುಡುಗ, ಒಬ್ಬ ಹುಡುಗಿಯ ಹೆಸರು ಚೀಟಿ ಎತ್ತಿ, ಒಬ್ಬರನ್ನೊಬ್ಬರು ಕೊಲ್ಲೋ ಆಟಕ್ಕೆ ಬಿಡ್ತಾರೆ, ರಾಜಧಾನಿ ಅದನ್ನು ಟಿವಿಯಲ್ಲಿ ನೋಡುತ್ತೆ. ನಾಯಕಿ ಹನ್ನೆರಡನೇ ಜಿಲ್ಲೆಯೋಳು, ಬಿಲ್ಲು ಬಾಣದಲ್ಲಿ ಗುರಿ ತಪ್ಪದವಳು. ಅದು ಕಲ್ಲಿದ್ದಲ ಗಣಿಯ ಜಿಲ್ಲೆ, ಅವಳಪ್ಪ ಗಣಿ ಸ್ಫೋಟದಲ್ಲಿ ಸತ್ತವನು. ಇಷ್ಟು ಹೇಳೋ ಹೊತ್ತಿಗೇ ಮಾರಿಕುಪ್ಪಂ ಕಡೆಯ ಹುಡುಗನೊಬ್ಬ ಗೋಡೆಗೆ ಒರಗಿದ್ದವನು ನೆಟ್ಟಗೆ ಕೂತ. ಆ ಕಥೆಯಲ್ಲಿ ಒಂದು ಕ್ರೂರ ಲೆಕ್ಕಾಚಾರ ಬರುತ್ತೆ: ಬಡವರ ಮಕ್ಕಳು ತಮ್ಮ ಹೆಸರನ್ನು ಹೆಚ್ಚಿನ ಸಲ ಚೀಟಿಗೆ ಹಾಕಿಸಿದರೆ ಮನೆಗೆ ಒಬ್ಬರ ಪಾಲಿನ ಕಾಳು, ಎಣ್ಣೆ ಸಿಗುತ್ತೆ. ಇದನ್ನು ಹೇಗಪ್ಪಾ ಬಿಡಿಸಿ ಹೇಳೋದು ಅಂತ ಹಿಂದಿನ ರಾತ್ರಿಯೆಲ್ಲ ತಲೆ ಕೆಡಿಸಿಕೊಂಡಿದ್ದೆ. ಒಂಬತ್ತನೇ ಕ್ಲಾಸಿನ ಒಬ್ಬಳು ಅರ್ಧಕ್ಕೇ ನಿಲ್ಲಿಸಿ, ‘ಗೊತ್ತಾಯ್ತು ಅಕ್ಕ, ಕಾರ್ಡಿಗೆ ಹೆಸರು ಸೇರಿಸೋದು’ ಅಂದಳು. ಅವಳಜ್ಜಿಯ ಹೆಬ್ಬೆಟ್ಟು ಸವೆದು ರೇಷನ್ ಅಂಗಡಿ ಮೆಷಿನ್ನಿಗೆ ಬೀಳಲ್ವಂತೆ, ಪ್ರತಿ ತಿಂಗಳೂ ಜಗಳವಂತೆ. ಅರ್ಧ ಗಂಟೆ ಅದೇ ಮಾತು, ಕಥೆ ಅಲ್ಲೇ ಬಿತ್ತು.

ಲೋಯಿಸ್ ಲೌರಿಯ ‘ದಿ ಗಿವರ್’ (1993) ಹೇಳಿದಾಗ ಇನ್ನೂ ಚುರುಕಾದ ಏಟು ಬಿತ್ತು. ಅಲ್ಲಿ ಬಣ್ಣವೇ ಇಲ್ಲದ, ನೋವೇ ಇಲ್ಲದ ಒಂದು ಸಮುದಾಯ. ಹನ್ನೆರಡು ತುಂಬಿದ ಮಕ್ಕಳಿಗೆಲ್ಲ ಹಿರಿಯರೇ ಕೆಲಸ ಹಂಚಿಬಿಡ್ತಾರೆ. ನಾನು ಬೆರಗು ಬರಿಸೋ ದನಿಯಲ್ಲಿ, ‘ಯೋಚನೆ ಮಾಡಿ, ಹನ್ನೆರಡು ವರ್ಷಕ್ಕೇ ನೀನು ಏನಾಗಬೇಕು ಅಂತ ಬೇರೆಯೋರು ಹೇಳಿಬಿಟ್ಟರೆ!’ ಅಂದೆ. ಹಿಂದಿನ ಸಾಲಿನಿಂದ ಒಬ್ಬ, ‘ಪರವಾಗಿಲ್ಲ ಬಿಡಿ ಅಕ್ಕ, ಹನ್ನೆರಡು ವರ್ಷ ಕಾಯ್ತಾರಲ್ಲ’ ಅಂದ. ಅವನು ಯಾವ ಕೇರಿಯೋನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದಲ್ಲಿ ಈ ಪುಸ್ತಕ ಮಕ್ಕಳಿಗೆ ಬೇಡ ಅಂತ ತೊಂಬತ್ತರ ದಶಕದಲ್ಲಿ ಎಷ್ಟೋ ಪೋಷಕರು ಶಾಲೆಗಳಿಗೆ ದೂರು ಕೊಟ್ಟಿದ್ದರು, ಮಕ್ಕಳು ಹೆದರಿಕೊಳ್ತಾರೆ ಅಂತ. ನಮ್ಮ ಹುಡುಗ ನಕ್ಕ.

ಹಾಗಾಗಿ ಅರ್ಥ ಆಗುತ್ತಾ ಅನ್ನೋದು ಪ್ರಶ್ನೆಯೇ ಅಲ್ಲ. ನನಗೆ ತೊಡಕಾಗಿರೋದು ಬೇರೆ, ಅದನ್ನು ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ. ಈ ಕಥೆಗಳ ಕೊನೆ ಯಾಕೆ ಹಾಗಿರುತ್ತೆ? ಯಾಕೆ ಯಾವಾಗಲೂ ಒಬ್ಬಳೇ? ಇಡೀ ವ್ಯವಸ್ಥೆ ಲಕ್ಷಾಂತರ ಜನರ ಬೆವರಿನಿಂದ ನಡೆಯುತ್ತೆ ಅಂತ ಇನ್ನೂರು ಪುಟ ಹೇಳಿ, ಅದು ಉರುಳೋದು ಮಾತ್ರ ಒಬ್ಬಳು ಹುಡುಗಿಯ ಗುರಿಯಿಂದ, ಮಿಕ್ಕವರಿಗೆ ಕಾಣದ ಬಣ್ಣ ಕಾಣೋ ಒಬ್ಬ ಹುಡುಗನ ವಿಶೇಷ ಕಣ್ಣಿನಿಂದ. ಈ ಜಾತಿಯ ಎಷ್ಟೋ ಪುಸ್ತಕಗಳಲ್ಲಿ ನಾಯಕಿಗೆ ಯಾರಿಗೂ ಇಲ್ಲದ ರಕ್ತವೋ ಶಕ್ತಿಯೋ ಇರುತ್ತೆ. ಅರಮನೆಯಲ್ಲಿ ಹುಟ್ಟಿದವರೇ ವಿಶೇಷ ಅನ್ನೋ ಹಳೇ ಕಥೆ ಬಿಟ್ಟು ಬಂದು ಗುಡಿಸಲಲ್ಲಿ ಹುಟ್ಟಿದ ಇವಳೊಬ್ಬಳೇ ವಿಶೇಷ ಅಂದರೆ ನಾವು ಎಷ್ಟು ದೂರ ಬಂದ ಹಾಗಾಯ್ತು? ನನಗೆ ಪರಕೀಯ ಅನ್ನಿಸೋದು ಈ ಭಾಗ. ರೇಷನ್ ಅಲ್ಲ, ಗಣಿ ಅಲ್ಲ.

ಕೆಜಿಎಫ್‌ನಲ್ಲಿ 1930ರಲ್ಲಿ ಕೆಲಸಗಾರರ ಬೆರಳಚ್ಚು ತೆಗೆದು ನೋಂದಣಿ ಮಾಡಿಸಲು ಕಂಪನಿ ಹೊರಟಿತು. ಸಾವಿರಾರು ಜನ ಗಣಿಗೆ ಇಳಿಯಲಿಲ್ಲ. ಅದಕ್ಕೊಬ್ಬ ನಾಯಕ ಇದ್ದನಾ ಅಂತ ನಾನು ಕೇಳಿದವರ ಬಾಯಲ್ಲಿ ಒಂದು ಹೆಸರೂ ಬರಲಿಲ್ಲ. ಬಿಲ್ಲು ಬಾಣದ ಹುಡುಗಿ ಇರಲಿಲ್ಲ. ಬೆರಳು ಕೊಡಲ್ಲ ಅಂದರು, ಅಷ್ಟೆ. ಇದನ್ನು ಯಾರೂ ಮೂರು ಭಾಗದ ಕಾದಂಬರಿ ಮಾಡಲಿಲ್ಲ, ಮಾಡಿದರೂ ಪ್ರಕಾಶಕರು ‘ಹೀರೋಯಿನ್ ಎಲ್ಲಿ?’ ಅಂತ ಕೇಳ್ತಾರೆ.

ಕಾಲಿನ್ಸ್‌ಗೆ ಅನ್ಯಾಯ ಮಾಡಬಾರದು. ಆ ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟದ ಜಾಗದಲ್ಲಿ ನಾಯಕಿ ಏನೂ ಮಾಡಲ್ಲ. ತಂಗಿಯ ಹೆಸರು ಬಂದಾಗ ತಾನು ಹೋಗ್ತೀನಿ ಅಂತ ಮುಂದೆ ಬಂದು ನಿಂತಿದ್ದಾಳೆ. ಚಪ್ಪಾಳೆ ಹೊಡೀರಿ ಅಂತ ವೇದಿಕೆಯಿಂದ ಹೇಳ್ತಾರೆ. ಯಾರೂ ಹೊಡೆಯಲ್ಲ. ಒಬ್ಬೊಬ್ಬರಾಗಿ ನಡುವಿನ ಮೂರು ಬೆರಳು ತುಟಿಗೆ ಮುಟ್ಟಿಸಿ ಅವಳ ಕಡೆ ಚಾಚ್ತಾರೆ, ಹೆಚ್ಚುಕಡಿಮೆ ಅಷ್ಟೂ ಜನ. 2014ರಲ್ಲಿ ಥಾಯ್ಲೆಂಡಿನಲ್ಲಿ ಸೇನೆ ಅಧಿಕಾರ ಕಸಿದುಕೊಂಡಾಗ ಜನ ಬೀದಿಗೆ ಬಂದು ಎತ್ತಿದ್ದು ಅದೇ ಮೂರು ಬೆರಳು, ಎತ್ತಿದವರನ್ನು ಹಿಡಿದುಕೊಂಡೂ ಹೋದರು. 2021ರಲ್ಲಿ ಮ್ಯಾನ್ಮಾರಿನಲ್ಲೂ ಅದೇ. ಬೀದಿಗೆ ಬಂದವರು ಆ ಕಥೆಯಿಂದ ಎತ್ತಿಕೊಂಡದ್ದು ನಾಯಕಿಯ ಬಾಣವನ್ನಲ್ಲ, ಗುಂಪಿನ ಬೆರಳನ್ನು.

ಈಚೆಗೆ ಒಂದು ಭಾನುವಾರ ಮಕ್ಕಳಿಗೆ ಇದನ್ನೆಲ್ಲ ಹೇಳಿ, ‘ನಮ್ಮ ಕಡೆ ಕಥೆ ಆದರೆ ಕೊನೆ ಹೇಗೆ ಮಾಡ್ತೀರಿ?’ ಅಂದೆ. ಹುಡುಗರು ಮೊದಲು ಸೈನೈಡ್ ದಿಬ್ಬ ಸ್ಫೋಟ ಮಾಡಿಸಿದರು, ಸಿನಿಮಾ ನೋಡಿ ಹಾಳಾಗಿರೋ ತಲೆಗಳು. ಆಮೇಲೆ ಕಾರ್ಡಿನ ಮಾತು ಆಡಿದ ಅದೇ ಹುಡುಗಿ, ‘ಸೋಮವಾರ ಬೆಳಿಗ್ಗೆ ಯಾರೂ ರೈಲು ಹತ್ತಲ್ಲ’ ಅಂದಳು. ‘ಅಲ್ಲಿ ಕಸ ಯಾರೂ ಎತ್ತಲ್ಲ, ಗೇಟು ಯಾರೂ ತೆಗೆಯಲ್ಲ, ಮೂರು ದಿನ ಸಾಕು.’

‘ಮೂರು ದಿನದ ಸಂಬಳ ಹೋಗುತ್ತೆ’ ಅಂದ ಒಬ್ಬ.

‘ಹೋಗಲಿ.’

‘ನಿಮ್ಮಮ್ಮನ್ನ ಕೇಳಿ ಹೇಳು. ತಿಂಗಳ ಕೊನೇಲಿ ಚೀಟಿ ದುಡ್ಡು ನಿಮ್ಮಪ್ಪ ಕಟ್ತಾನಾ?’

‘ಚೀಟಿ ನಡೆಸೋಳೂ ಅದೇ ರೈಲಲ್ಲಿ ಹೋಗೋಳು ಕಣೋ’ ಅಂದಳು.